ಸಣ್ಣ ದಾರ, ದೊಡ್ಡ ಮೀನು

(ಮುಳಬಾಗಿಲಿನಲ್ಲಿ ವಿದ್ಯಾರ್ಥಿಗಳು ಹಾಗೂ ಸುತ್ತಲಿನ ಬೆಟ್ಟದ ತಪ್ಪಲಿನ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬೇಸಾಯ ಓದಿದವನು ಗಾಳದ ವಿಷಯ ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಕೆರೆಯ ನೀರು ಗದ್ದೆಯ ಬೆಳೆಗೂ ಬೇಕು, ಮೀನಿಗೂ ಬೇಕು. ಅದು ಕೆಟ್ಟರೆ ಎರಡೂ ಕೆಡುತ್ತವೆ. ನಾನು ವಾಸಿಸುವುದು ತುಂಗೆಯ ಕಡೆಯ ಮಲೆನಾಡಿನಲ್ಲಿ. ನೀವಿರುವುದು ವರ್ಷವಿಡೀ ಹರಿಯುವ ನದಿಯೇ ಇಲ್ಲದ, ಕೆರೆಗಳನ್ನೇ ನಂಬಿದ ಸೀಮೆಯಲ್ಲಿ. ಎರಡೂ ಕಡೆಯ ಹುಡುಗರ ಕೈಯಲ್ಲಿ ಒಂದು ಬಿದಿರುಕೋಲು, ಒಂದು ನೈಲಾನ್ ದಾರ, ಒಂದು ಗಾಳ ಇದ್ದೇ ಇರುತ್ತದೆ. ಅವರು ಕೇಳುವ ಪ್ರಶ್ನೆಯೂ ಒಂದೇ: ಇಷ್ಟು ತೆಳುವಾದ ದಾರದಲ್ಲಿ ಅಷ್ಟು ದೊಡ್ಡ ಮೀನನ್ನು ದಡಕ್ಕೆ ತರುವುದು ಹೇಗೆ? ಇಂದು ಈ ಪ್ರಶ್ನೆಗೆ ಉತ್ತರ ಹೇಳಿ, ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ಬಾವಿಯಿಂದ ನೀರು ಸೇದಿದವರಿಗೆಲ್ಲ ಒಂದು ಸಂಗತಿ ಗೊತ್ತು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗುರ. ನೀರಿನ ಮೇಲೆ ಬಂದ ಕ್ಷಣವೇ ಭಾರ. ಮೀನಿನ ವಿಷಯವೂ ಹಾಗೆಯೇ. ಅದರ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಹತ್ತು ಕಿಲೋ ತೂಕದ ಮೀನು ನೀರಿನೊಳಗೆ ಬಹುಮಟ್ಟಿಗೆ ತೂಕವೇ ಇಲ್ಲದಂತೆ ತೇಲಾಡುತ್ತದೆ. ದಾರದ ಮೇಲೆ ಬೀಳುವುದು ಮೀನಿನ ತೂಕವಲ್ಲ, ಅದು ಈಜುವ ಬಲ. ಆದ್ದರಿಂದಲೇ ನಾಲ್ಕು ಕಿಲೋ ಭಾರ ತಾಳುವ ದಾರದಲ್ಲಿ ಹತ್ತು ಕಿಲೋ ಮೀನನ್ನು ದಡದವರೆಗೆ ತರಬಹುದು. ಅದೇ ಮೀನನ್ನು ದಾರ ಹಿಡಿದು ನೀರಿನಿಂದ ಮೇಲೆತ್ತಹೋದರೆ ದಾರ ಕಡಿಯುತ್ತದೆ. ಕೊನೆಯ ಗೇಣಿನಲ್ಲಿ ಮೀನು ತಪ್ಪಿಸಿಕೊಂಡಿತೆಂದು ಪೇಚಾಡುವವರಲ್ಲಿ ಅರ್ಧ ಜನ ಕಡೆಗಣಿಸಿರುವುದು ಇದನ್ನೇ.

ಎರಡನೆಯದು, ಜಗ್ಗು. ಗೂಟಕ್ಕೆ ಕಟ್ಟಿದ ಹೋರಿ ನಿಧಾನವಾಗಿ ಎಳೆದರೆ ಹಗ್ಗ ತಡೆಯುತ್ತದೆ. ಹಿಂದೆ ಸರಿದು ಒಮ್ಮೆಲೇ ನೆಗೆದರೆ ಹಗ್ಗ ಹರಿಯುತ್ತದೆ. ಹೋರಿಯೂ ಅದೇ, ಹಗ್ಗವೂ ಅದೇ. ಬಲ ಬಿದ್ದ ವೇಗ ಮಾತ್ರ ಬೇರೆ. ಬಾಗುವ ಕೋಲಿನ ಕೆಲಸವೇ ಆ ನೆಗೆತವನ್ನು ನಿಧಾನದ ಎಳೆತವನ್ನಾಗಿ ಮಾರ್ಪಡಿಸುವುದು. ಕೋಲು ಬಾಗಿದಷ್ಟು ಹೊತ್ತು ಬಲ ಹಂಚಿಹೋಗುತ್ತದೆ. ನೈಲಾನ್ ದಾರವೂ ಸ್ವಲ್ಪ ಹಿಗ್ಗಿ ಇದಕ್ಕೆ ನೆರವಾಗುತ್ತದೆ. ಈಚೆಗೆ ಬಂದಿರುವ ಹೆಣೆದ ದಾರಗಳು ಬಲಶಾಲಿಯಾದರೂ ಹಿಗ್ಗುವುದಿಲ್ಲ. ಅವುಗಳನ್ನು ಬಳಸುವವರು ಕೋಲಿನ ಬಾಗುವಿಕೆಯನ್ನೇ ಹೆಚ್ಚು ನಂಬಬೇಕಾಗುತ್ತದೆ.

ಮೂರನೆಯದು, ರೀಲಿನ ತಡೆ. ಕೋಲಿನ ತುದಿಗೆ ದಾರ ಕಟ್ಟಿ ಹಿಡಿಯುವ ನಮ್ಮ ಹಳೆಯ ಕ್ರಮದಲ್ಲಿ ಮೀನು ಓಡಿದರೆ ಬಿಟ್ಟುಕೊಡಲು ದಾರವೇ ಇರುವುದಿಲ್ಲ. ರೀಲು ಇದ್ದರೆ ಮೀನಿಗೆ ದಾರ ಬಿಟ್ಟುಕೊಟ್ಟು, ಅದು ದಣಿದಾಗ ಮತ್ತೆ ಸುತ್ತಿಕೊಳ್ಳಬಹುದು. ದಾರ ತಾಳುವ ಬಲದ ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲಿಗೆ ತಡೆಯನ್ನು ಹೊಂದಿಸಬೇಕೆಂಬುದು ಅನುಭವಿಗಳ ಲೆಕ್ಕ. ಆರು ಕಿಲೋ ತಾಳುವ ದಾರಕ್ಕೆ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ರೀಲು ತಿರುಗಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ದಾರ ಹೊರಹೋದಂತೆ ರೀಲಿನ ಮೇಲೆ ಉಳಿದ ಸುತ್ತಿನ ವ್ಯಾಸ ಕಡಿಮೆಯಾಗುತ್ತದೆ. ವ್ಯಾಸ ಅರ್ಧಕ್ಕಿಳಿದರೆ ಅದೇ ತಿರುಪಿನಲ್ಲಿ ತಡೆ ಎರಡರಷ್ಟಾಗುತ್ತದೆ. ಜೊತೆಗೆ ನೀರಿನಲ್ಲಿ ಬಿದ್ದಿರುವ ಉದ್ದನೆಯ ದಾರದ ಘರ್ಷಣೆ ಬೇರೆ. ಮೀನು ದೂರ ಓಡಿದಾಗ ತಿರುಪನ್ನು ಸಡಿಲಿಸಬೇಕು. ಗಾಬರಿಯಲ್ಲಿ ಬಹುಮಂದಿ ಮಾಡುವುದು ಇದಕ್ಕೆ ತಿರುಗಾಮುರುಗ. ಬಿಗಿಮಾಡಿ ಮೀನನ್ನು ಕಳೆದುಕೊಳ್ಳುತ್ತಾರೆ. ಉಳಿದಂತೆ, ದಾರದಲ್ಲಿ ಅತ್ಯಂತ ದುರ್ಬಲವಾದ ಜಾಗ ಗಂಟು. ಒಣ ಗಂಟನ್ನು ಎಳೆದರೆ ಬಿಸಿಯಾಗಿ ನೈಲಾನ್ ಹಾಳಾಗುತ್ತದೆ. ಎಂಜಲು ತಾಗಿಸಿ ಒದ್ದೆಮಾಡಿ ಬಿಗಿಯಬೇಕು. ಗಾಳದ ಹತ್ತಿರದ ಒಂದು ಮೊಳ ದಾರವನ್ನು ಬೆರಳಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಕೋಲು, ದಾರ, ಗಾಳ, ಮೇವು, ಮೀನುಗಳ ಬಗೆ, ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು ಅದನ್ನು ಮೀನುಶಾಸ್ತ್ರದ ದೃಷ್ಟಿಯಿಂದ ಅಭ್ಯಸಿಸಿ ಬರೆದರು. ಕನ್ನಡ ನಾಡನ್ನಾಳಿದ ಅರಸನೊಬ್ಬ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗಾಳದ ಆಟವನ್ನು ಬರೆದಿಟ್ಟಿದ್ದನೆಂಬುದು ನೆನಪಿಡಬೇಕಾದ ಸಂಗತಿ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಮಹಶೀರ್ ಮೀನಿನ ಬಲವನ್ನು ಇಂಗ್ಲೆಂಡಿನ ಸಾಲ್ಮನ್ ಮೀನಿನ ಬಲಕ್ಕಿಂತ ಮೇಲೆಂದು ಹೊಗಳಿದನು. ಕಾವೇರಿಯ ದಡದವರು ಬಿಳಿಮೀನು ಎನ್ನುವುದು ಇದನ್ನೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಕೋಲು-ದಾರದಲ್ಲಿ ಹಿಡಿದ ಮಹಶೀರ್‌ಗಳಲ್ಲಿ ಅದು ಪ್ರಸಿದ್ಧವಾದ ದಾಖಲೆ. 1970ರ ದಶಕದ ಕೊನೆಯಲ್ಲಿ ವಿದೇಶಿ ಗಾಳಗಾರರು ಮತ್ತೆ ಕಾವೇರಿಗೆ ಬಂದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ಹೊಳೆಗೇ ಬಿಡುವ ನಿಯಮ ಅಲ್ಲಿ ಬೆಳೆಯಿತು.

ಕೋಲಾರದವರಾದ ನೀವು ಕೇಳಿ ಸಂತೋಷಪಡಬೇಕಾದ ಮಾತೊಂದಿದೆ. ಆ ದೈತ್ಯ ಮೀನುಗಳಿಗೆ ಒಡ್ಡುತ್ತಿದ್ದ ಮೇವು ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಮಾಡಿದ್ದು. ನಿಮ್ಮ ಮುದ್ದೆಯ ತಮ್ಮನೆಂದೇ ಹೇಳಬಹುದು. ಮೀನು ಗಾಳ ಕಚ್ಚಿ ಬಂಡೆಗಳ ನಡುವೆ ಓಡಿದಾಗ ಹೊಳೆದಡದ ಹಳ್ಳಿಯ ಜನ ಹರಿಗೋಲಿನಲ್ಲಿ ಬೆನ್ನುಹತ್ತಿ, ದಾರ ಬಂಡೆಗೆ ಉಜ್ಜದಂತೆ ಕೋನ ಬದಲಿಸಿ, ಮೀನಿನ ತಲೆಯನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಮೀನು ತಲೆ ಹೋದ ಕಡೆಗೆ ಹೋಗುತ್ತದೆ. ನೇರ ಮೇಲಕ್ಕೆಳೆಯುವುದಕ್ಕಿಂತ ಕೋಲನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ ಪಕ್ಕಕ್ಕೆಳೆದರೆ ಅದು ಬೇಗ ದಣಿಯುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ದಾರ ತೆಳುವಾದಷ್ಟೂ ಗಾಳಗಾರನ ಹೆಮ್ಮೆ ಹೆಚ್ಚು. ಆದರೆ ದಾರ ತೆಳುವಾದಷ್ಟೂ ಹೋರಾಟ ದೀರ್ಘ. ಆ ಹೊತ್ತಿನಲ್ಲಿ ಮೀನಿನ ಮೈಯಲ್ಲಿ ಏನಾಗುತ್ತದೆ? ರಭಸದ ಓಟಕ್ಕೆ ಅದು ಬಳಸುವ ಬಿಳಿ ಸ್ನಾಯು ಆಮ್ಲಜನಕವಿಲ್ಲದೆ ಕೆಲಸಮಾಡುತ್ತದೆ. ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ರಕ್ತದ ಸಮತೋಲ ಕೆಡುತ್ತದೆ. ಚೇತರಿಸಿಕೊಳ್ಳಲು ಮೀನಿಗೆ ಆಮ್ಲಜನಕ ಬೇಕು, ಬಿಸಿನೀರಿನಲ್ಲಿ ಅದು ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿದುಕೊಳ್ಳುವುದು ಸುಮಾರು ಏಳೂವರೆ ಮಾತ್ರ. ಬೇಸಿಗೆಯ ಮಧ್ಯಾಹ್ನ ಒಂದು ಗಂಟೆ ಕಾಲ ಆಡಿಸಿ, ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು, ಬಿಟ್ಟೆವೆಂದು ಸಮಾಧಾನಪಟ್ಟ ಮೀನು ಆಮೇಲೆ ಎಲ್ಲೋ ಮಡುವಿನ ತಳದಲ್ಲಿ ಸಾಯಬಹುದು. ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ. ಬಿಡಲೆಂದೇ ಹಿಡಿಯುವವನು ಮೀನಿಗೆ ತಕ್ಕಷ್ಟು ಗಟ್ಟಿ ದಾರವನ್ನೇ ಬಳಸಿ, ಆದಷ್ಟು ಬೇಗ ದಡಕ್ಕೆ ತರಬೇಕು.

ಇದು ಒಂದು ಮೀನಿನ ಜೀವದ ಪ್ರಶ್ನೆ ಮಾತ್ರವಲ್ಲ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ನಂತರ ಪರಿಶೀಲಿಸಿದರು. ಒಟ್ಟು ಮೀನುಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್, ಆ 120 ಪೌಂಡಿನ ವಂಶ, ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಪುಣೆಯ ಹತ್ತಿರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ನಾಡಿನ ನದಿಗಳಿಗೆ ಹಂಚಲಾಗಿತ್ತು. ಇಷ್ಟು ಪ್ರಸಿದ್ಧವಾದ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲವೆಂದರೆ ನೀವು ನಂಬಲಾರಿರಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಲಾದ ಟಾರ್ ರೆಮಾದೇವಿಯೇ ಅದು ಎಂದು ತಿಳಿದದ್ದು 2018ರಲ್ಲಿ. ಅನಂತರ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ, ಅತ್ಯಂತ ಗಂಡಾಂತರದ ವರ್ಗದಲ್ಲೇ, ಸೇರಿತು.

ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಕಾವೇರಿ ಅಭಯಾರಣ್ಯದ ಆ ಶಿಬಿರಗಳಲ್ಲಿ ಗಾಳದ ಆಟ ನಿಂತಿತು. ಆಟಕ್ಕಾಗಿ ಪ್ರಾಣಿಯನ್ನು ದಣಿಸುವುದು ಸರಿಯಲ್ಲವೆಂದು ಒಂದು ಪಕ್ಷ ಹೇಳುತ್ತದೆ. ಗಾಳಗಾರರ ಹಣದಿಂದ ಸ್ಥಳೀಯರು ಕಾವಲುಗಾರರಾಗಿದ್ದರು, ಕಾವಲು ತಪ್ಪಿದರೆ ಸಿಡಿಮದ್ದಿನವರು ಬರುತ್ತಾರೆಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡೂ ಮಾತಿನಲ್ಲಿ ಹುರುಳಿದೆ. ನನ್ನ ಅಭಿಪ್ರಾಯವಿಷ್ಟು: ಹೊಳೆಯನ್ನು ದಿನವೂ ನೋಡುವ ಕಣ್ಣುಗಳು ಬೇಕು. ಗಾಳ ಇರಲಿ, ಬಿಡಲಿ, ದಡದ ಹಳ್ಳಿಯವನಿಗೆ ಆ ಮೀನು ಬದುಕಿರುವುದರಿಂದ ಗೌರವವೋ ಕೂಲಿಯೋ ಸಿಗುವಂತಿರಬೇಕು. ನಮ್ಮ ಶೃಂಗೇರಿ, ಶಿಶಿಲ, ಹಾಸನ ಜಿಲ್ಲೆಯ ರಾಮನಾಥಪುರಗಳಲ್ಲಿ ದೇವಸ್ಥಾನದ ಮುಂದಿನ ಮೀನುಗಳು ಉಳಿದುಬಂದದ್ದು ಊರವರ ಕಣ್ಗಾವಲಿನಿಂದ. ಆದರೆ ಮಡುವಿನಲ್ಲಿ ಕಾದರಷ್ಟೇ ಸಾಲದು. ಮಹಶೀರ್ ಮಳೆಗಾಲದಲ್ಲಿ ಹೊಳೆಯೇರಿ, ಶುದ್ಧವಾದ ಜಲ್ಲಿಕಲ್ಲಿನ ಮೇಲೆ ಮೊಟ್ಟೆಯಿಡುವ ಮೀನು. ಅಣೆಕಟ್ಟು ದಾರಿ ಕಟ್ಟಿದರೆ, ಮರಳು ದೋಚಿದರೆ, ಬೆಟ್ಟದ ಕಾಡು ಕಡಿದು ಹೂಳು ಇಳಿದರೆ ಅದರ ತೊಟ್ಟಿಲೇ ಹೋಯಿತು. ಮಲೆನಾಡಿನ ಹಳ್ಳಗಳಲ್ಲಿ ಸಿಡಿಮದ್ದು ಹಾಕುವುದು, ಕಾರೆಕಾಯಿ ಜಜ್ಜಿ ನೀರಿಗೆ ಕದಡುವುದು ಮರಿಯಿಂದ ಮುದಿಮೀನಿನವರೆಗೆ ಎಲ್ಲವನ್ನೂ ಒಟ್ಟಿಗೆ ಕೊಲ್ಲುತ್ತದೆ.

ನಿಮ್ಮ ಕೆರೆಗಳಿಗೆ ಈ ಕಥೆಯ ಸಂಬಂಧವೇನು? ಮುಳಬಾಗಿಲಿನ ಕೆರೆಗಳಲ್ಲಿ ಮಹಶೀರ್ ಇಲ್ಲ. ಬಿತ್ತನೆಮರಿಯಿಂದ ಬೆಳೆದ ಕಾಟ್ಲಾ, ರೋಹು, ಗೆಂಡೆಗಳಿವೆ, ಜಿಲೇಬಿ ಮೀನಿದೆ, ನಿಮ್ಮಲ್ಲಿ ಹಲವರು ಕೊರಮೀನು ಎನ್ನುವ ಮೀನಿದೆ. ಕಾಟ್ಲಾ ಮೇವು ಸಿಕ್ಕರೆ ಒಂದು ವರ್ಷದಲ್ಲಿ ಕಿಲೋ ತೂಗುತ್ತದೆ. ಹತ್ತು ಕಿಲೋ ತೂಗಬೇಕಾದರೆ ಕೆರೆ ಹಲವು ಬೇಸಿಗೆಗಳನ್ನು ಬತ್ತದೆ ದಾಟಬೇಕು. ದೊಡ್ಡ ಮೀನೆಂದರೆ ನೀರು ನಿಂತ ವರ್ಷಗಳ ಲೆಕ್ಕ. ದೊಡ್ಡ ಹೆಣ್ಣುಮೀನು ಇಡುವ ಮೊಟ್ಟೆಗಳೂ ಹಲವು ಸಣ್ಣ ಮೀನುಗಳ ಮೊಟ್ಟೆಗಳಿಗಿಂತ ಹೆಚ್ಚು. ರೈತ ಬೀಜದ ರಾಗಿಯನ್ನು ಎತ್ತಿಡುವಂತೆ ಹೊಳೆಯಲ್ಲೂ ಬೀಜಮೀನು ಉಳಿಯಬೇಕು.

2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಅದು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಅದರಲ್ಲಿ ಸಾರಜನಕ, ರಂಜಕಗಳು ಉಳಿದಿರುತ್ತವೆ. ಅವುಗಳಿಂದ ಪಾಚಿ ಹೆಚ್ಚುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರ ಕೆಳಗಿಳಿಯುತ್ತದೆ. ಮುಂಜಾನೆ ಮೀನುಗಳು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದರೆ ಗಾಳ ಹಾಕಬೇಡಿ. ಬದಲಿಗೆ ದಿನಾಂಕ ಬರೆದಿಡಿ, ಪಂಚಾಯಿತಿಗೆ ತಿಳಿಸಿ. ಗಾಳಗಾರರ ದಿನಚರಿಯೇ ಕಾವೇರಿಯ ಕಥೆಯನ್ನು ಬಯಲಿಗೆ ತಂದದ್ದನ್ನು ಆಗಲೇ ಹೇಳಿದೆ. ಯಾವ ಕೆರೆ, ಯಾವ ಮೀನು, ಎಷ್ಟು ತೂಕ, ನೀರು ಎಷ್ಟು ಎಂದು ವಿದ್ಯಾರ್ಥಿಗಳು ಒಂದು ನೋಟುಪುಸ್ತಕದಲ್ಲಿ ಐದು ವರ್ಷ ಬರೆದರೆ ಅದು ಯಾವ ಇಲಾಖೆಯ ವರದಿಗೂ ಕಡಿಮೆಯಲ್ಲ.

ಕೊನೆಯದಾಗಿ ಕೆಲವು ಮಾತು. ಕೆರೆ ಗುತ್ತಿಗೆಯಲ್ಲಿದ್ದರೆ ಅನುಮತಿ ಕೇಳಿಯೇ ಗಾಳ ಹಾಕಿ. ಕೆಂಪು ಮರಿಗಳ ಹಿಂಡಿನ ಕೆಳಗಿರುವ ಕೊರಮೀನನ್ನು ಹಿಡಿಯಬೇಡಿ. ಅದು ಮರಿ ಕಾಯುತ್ತಿರುತ್ತದೆ, ಅದು ಹೋದರೆ ಹಿಂಡು ಒಂದೇ ದಿನದಲ್ಲಿ ಬೇರೆ ಮೀನುಗಳ ಪಾಲು. ತಿನ್ನಲು ಹಿಡಿದರೆ ಬೇಕಾದಷ್ಟೇ ಹಿಡಿದು, ಬೇಗ ಕೊಂದು, ಮನೆಗೆ ಒಯ್ಯಿರಿ, ಅದರಲ್ಲಿ ನಾಚಿಕೆಯಿಲ್ಲ. ಬಿಡುವುದಾದರೆ ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಕೈ ಒದ್ದೆಮಾಡಿಕೊಂಡು, ಮೀನನ್ನು ನೀರಿನಲ್ಲೇ ಹಿಡಿದು ಬಿಡಿಸಿ. ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಿರಿ. ಕಡಿದ ನೈಲಾನ್ ದಾರವನ್ನು ದಡದಲ್ಲಿ ಬಿಸಾಡಬೇಡಿ. ನೀರುಕಾಗೆಯ, ಕೊಕ್ಕರೆಯ ಕಾಲಿಗೆ ಅದು ಉರುಳಾಗುತ್ತದೆ. ಸುತ್ತಿ ಜೇಬಿನಲ್ಲಿಟ್ಟುಕೊಂಡು ಬನ್ನಿ.

 ಪ್ರಶ್ನೆಗಳಿದ್ದರೆ ಕೇಳಿ, ಕೆರೆಯ ಏರಿಯ ಮೇಲೆ ನಡೆದುಕೊಂಡೇ ಮಾತನಾಡೋಣ.