ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ನಿಯತ ವ್ಯಾಯಾಮ

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರನ್ನು ನಮ್ಮಲ್ಲಿ ಬಹುಮಂದಿ ಮೊದಲು ಕೇಳುವುದು ಮನೆಯವರೊಬ್ಬರಿಗೆ ಆ ಕಾಯಿಲೆ ತಗುಲಿದ ಮೇಲೆಯೇ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆಯುಂಟು. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಅದರ ಮೇಲೆರಗಿ ಅಲ್ಲಲ್ಲಿ ಅದನ್ನು ಕೆಡಿಸುವುದೇ ಈ ಕಾಯಿಲೆ. ಸಾಮಾನ್ಯವಾಗಿ 20 ರಿಂದ 40 ವರ್ಷಗಳ ನಡುವೆ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಇದು ಕಾಣಿಸಿಕೊಳ್ಳುತ್ತದೆ. ದೃಷ್ಟಿ ಮಸುಕಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತೊಡರುವುದು, ಎಲ್ಲಕ್ಕೂ ಮಿಗಿಲಾಗಿ ವಿಪರೀತ ಆಯಾಸ ಇದರ ಲಕ್ಷಣಗಳು. ಇದು ಅಂಟುರೋಗವಲ್ಲ.

ಇಂತಹವರಿಗೆ ಬಂಧುಗಳು ಹೇಳುವ ಮೊದಲ ಮಾತು, "ನೀನು ಏಳಬೇಡಮ್ಮಾ, ಸುಮ್ಮನೆ ಮಲಗಿರು" ಎಂಬುದು. ಅವರನ್ನು ದೂರುವಂತಿಲ್ಲ, ಬಹುಕಾಲ ವೈದ್ಯರೂ ಇದನ್ನೇ ಹೇಳುತ್ತಿದ್ದರು. ದೇಹಶ್ರಮದ ನಂತರ ಕೆಲವು ರೋಗಿಗಳ ದೃಷ್ಟಿ ಮಂದವಾಗುವುದನ್ನು ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹೋಫ್ 1890 ರಲ್ಲಿ ಗಮನಿಸಿದ್ದನು. ಅದಕ್ಕೆ ಕಾರಣ ಶ್ರಮವಲ್ಲ, ಶ್ರಮದಿಂದ ಏರುವ ಮೈಯ ಬಿಸಿ ಎಂಬುದು ಮುಂದೆ ತಿಳಿದುಬಂತು. ಹೊದಿಕೆ ಕೆಟ್ಟ ನರದಲ್ಲಿ ಬಿಸಿಯಿಂದ ಸಂದೇಶ ಸರಿಯಾಗಿ ಸಾಗದು. ಮೈ ತಣಿದೊಡನೆ ಲಕ್ಷಣಗಳೂ ಇಳಿಯುತ್ತವೆ. ನರಕ್ಕೆ ಹೊಸ ಹಾನಿಯೇನೂ ಆಗಿರುವುದಿಲ್ಲ. 1996 ರಲ್ಲಿ ಪ್ರಕಟವಾದ, ಅಮೆರಿಕದ ಯೂಟಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರು ಬಾರಿಯಂತೆ 15 ವಾರ ವ್ಯಾಯಾಮ ಮಾಡಿದವರ ಸ್ನಾಯುಬಲ ಹೆಚ್ಚಿತು, ಖಿನ್ನತೆ ತಗ್ಗಿತು. ರೋಗ ಗುಣವಾಯಿತೆಂದು ಯಾರೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಮಲಗಿದ್ದರಿಂದಲೇ ಬಂದ ದುರ್ಬಲತೆಯನ್ನು ಅನೇಕರು ರೋಗದ ಖಾತೆಗೆ ಬರೆಯುತ್ತಾರೆ. ಅದನ್ನು ಮರಳಿ ಪಡೆಯಲು ಸಾಧ್ಯ.

ಬಿಸಿಯ ಮಾತು ದೆಹಲಿಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಸಂಜೆ ಐದಕ್ಕೆ ತಿರುಗಾಡಿ ರೂಢಿಯಾದವರು ಇಲ್ಲಿಯ ಮೇ ತಿಂಗಳಲ್ಲಿ ಹಾಗೆ ಮಾಡಲಾಗದು. ಉಷ್ಣತೆ 45 ಡಿಗ್ರಿ ಮುಟ್ಟುವ, ಲೂ ಎಂಬ ಬಿಸಿಗಾಳಿ ಬೀಸುವ ದಿನಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ನಡಿಗೆ ಮುಗಿಸಬೇಕು. ಇಲ್ಲವೇ ಮನೆಯೊಳಗೆ ಕೂಲರಿನ ಎದುರು ವ್ಯಾಯಾಮ ಮಾಡಬೇಕು. ಜುಲೈ-ಆಗಸ್ಟಿನ ತೇವದ ಹವೆಯಲ್ಲಿ ಕೂಲರೂ ಅಷ್ಟಾಗಿ ತಣಿಸದು. ಆಗ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಫ್ಯಾನಿನ ಕೆಳಗೆ ಹತ್ತು ನಿಮಿಷ ಮಾಡಿ, ವಿರಮಿಸಿ, ಮತ್ತೆ ಹತ್ತು ನಿಮಿಷ ಮಾಡಬಹುದು. ನವೆಂಬರಿನಲ್ಲಿ ಹೊಗೆಮಂಜು ಕವಿದಾಗ ಉದ್ಯಾನಕ್ಕಿಂತ ಮನೆಯೇ ಲೇಸು.

ನೀರಿನ ವಿಷಯ ಸಂಕೋಚದ್ದಾದರೂ ಹೇಳಲೇಬೇಕು. ಈ ಕಾಯಿಲೆಯಲ್ಲಿ ಮೂತ್ರದ ಹತೋಟಿ ತಪ್ಪುವುದುಂಟು. ಹೊರಗೆ ಶೌಚಾಲಯ ಸಿಗಲಾರದೆಂಬ ಅಂಜಿಕೆಯಿಂದ ಹೆಂಗಸರು ನೀರನ್ನೇ ಕುಡಿಯದೆ ಹೊರಡುತ್ತಾರೆ. ಇದು ಅಪಾಯಕರ. ಅದಕ್ಕೂ ಚಿಕಿತ್ಸೆಯಿದೆ, ವೈದ್ಯರಲ್ಲಿ ನಾಚದೆ ಹೇಳಿರಿ.

ಎಷ್ಟು ವ್ಯಾಯಾಮ ಬೇಕು? ಶಕ್ತಿಯಿದ್ದಷ್ಟು ಎಂಬುದೇ ಸರಿ. ಮನೆಗೆಲಸದ ಓಡಾಟವೂ ಸೇರಿ ವಾರಕ್ಕೆ 150 ನಿಮಿಷಗಳ ಗುರಿಯನ್ನು 2020 ರಲ್ಲಿ ತಜ್ಞರು ಸೂಚಿಸಿದ್ದಾರೆ. ಐದು ನಿಮಿಷದಿಂದ ತೊಡಗಿದರೂ ಸಾಕು. ತೋಲ ತಪ್ಪುವವರು ಗೋಡೆ ಹಿಡಿದು ನಿಲ್ಲಲಿ. ನಿಲ್ಲಲಾರದವರು ಕುರ್ಚಿಯಲ್ಲೇ ಕುಳಿತು, ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸಲಿ. ಆರಂಭದಲ್ಲಿ ಫಿಸಿಯೋಥೆರಪಿಸ್ಟರೊಬ್ಬರಿಂದ ಕಲಿಯುವುದು ಒಳ್ಳೆಯದು. ಹೊಸ ಲಕ್ಷಣವೊಂದು ಒಂದು ದಿನ ಕಳೆದರೂ ಇಳಿಯದಿದ್ದರೆ ವ್ಯಾಯಾಮ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಬೇಕು.

2016 ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ಕಾಯಿಲೆಯೂ ಸೇರಿದೆ. 1985 ರಲ್ಲಿ ಆರಂಭವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ದೆಹಲಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಮನೆಯವರಲ್ಲಿ ನನ್ನದೊಂದು ಕೋರಿಕೆ: ನಾಳೆ ಬೆಳಿಗ್ಗೆ ಅವರು ಏಳಲೆತ್ನಿಸಿದಾಗ ತಡೆಯಬೇಡಿ, ಜೊತೆಯಲ್ಲಿ ಗೇಟಿನವರೆಗೆ ನಡೆಯಿರಿ.