ಜಿ.ಪಿ.ಎಸ್. ಯಂತ್ರ ಮಾತಾಡದಿದ್ದಾಗ
(ಧಾರವಾಡ ತಾಲೂಕಿನ ರೈತರ ಹಾಗೂ ಯುವಕರ ಕೂಟದಲ್ಲಿ ಮಾಡಿದ ಭಾಷಣ)



ನಾನು ಇಂದು ಬೀಜ ಗೊಬ್ಬರದ ಮಾತು ಆಡಲು ಬಂದಿಲ್ಲ. ಹೊಲದ ಅಳತೆಯ ಬಗ್ಗೆ ನಾಲ್ಕು ಮಾತು ಹೇಳುವದಿದೆ. ಅಳತೆ ತಪ್ಪಿದರೆ ಬಿತ್ತುವ ಬೀಜದ ಲೆಕ್ಕ ತಪ್ಪುತ್ತದೆ, ಹೊಡೆಯುವ ಔಷಧದ ಲೆಕ್ಕ ತಪ್ಪುತ್ತದೆ, ಟ್ರ್ಯಾಕ್ಟರಿನ ಬಾಡಿಗೆ ತಪ್ಪುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ ಅಣ್ಣ ತಮ್ಮಂದಿರ ನಡುವೆ ಮಾತು ತಪ್ಪುತ್ತದೆ.

ಇದು ನಮ್ಮ ಮನೆಯಲ್ಲಿಯೇ ನಡೆದ ಸಂಗತಿ. ನಮ್ಮ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಯುತ್ತಾನೆ. ಅವನು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡಿದ್ದಾನೆ. ಲಿನಕ್ಸ್ ಎಂಬುದು ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ತರುಣ 1991ರಲ್ಲಿ ಆರಂಭಿಸಿದ್ದು. ಕಂಪ್ಯೂಟರನ್ನು ನಡೆಸುವ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಹುಡುಗ ಅದಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಜಿ.ಪಿ.ಎಸ್. ರಿಸೀವರ್ ಜೋಡಿಸಿ, ಹೊಲದ ಬದುವಿನಗುಂಟ ಒಂದು ಸುತ್ತು ನಡೆದು ಬಂದರೆ ಎಕರೆ ಗುಂಟೆ ಹೇಳುವ ತಂತ್ರಾಂಶವನ್ನು ತಾನೇ ಬರೆದ.

ನಾಲ್ಕು ದಿನ ಯಂತ್ರ ತುಟಿ ಬಿಚ್ಚಲಿಲ್ಲ. ಐದನೆಯ ದಿನ ಬಾಯಿ ತೆರೆಯಿತು. ತೆರೆದದ್ದೇ ತಡ, ನಮ್ಮ ತಮ್ಮನ ಪಾಲಿನ ಒಂದು ಎಕರೆ ತುಂಡನ್ನು 14 ಗುಂಟೆ 6 ಆಣೆ ಎಂದಿತು! ಅದರ ಪಕ್ಕದ ಪಾಲು ನನ್ನದು. ತಮ್ಮ ನನ್ನ ಮೋರೆ ನೋಡಿದ. “ಬದು ಒತ್ತಿದವರು ಯಾರು?” ಎಂದು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಬಾಂಧವರೇ, ಬೋರಿನ ನೀರು ಹೊಲದ ಕೊನೆಯ ಸಾಲಿಗೆ ಮುಟ್ಟದಿದ್ದರೆ ನೀವು ಏನು ಮಾಡುತ್ತೀರಿ? ಹೊಲವನ್ನೆಲ್ಲ ಅಗೆಯುತ್ತೀರಾ? ಇಲ್ಲ. ಬೋರಿನಿಂದ ಹಿಡಿದು ನೀರಿನಗುಂಟ ನಡೆಯುತ್ತೀರಿ. ಪಂಪು ನಡೆದಿದೆಯೇ, ಪೈಪು ಒಡೆದಿದೆಯೇ, ಕಾಲುವೆ ಎಲ್ಲಿ ಕಟ್ಟಿದೆ ಎಂದು ಒಂದೊಂದಾಗಿ ನೋಡುತ್ತೀರಿ. ಯಂತ್ರದ ದೋಷವನ್ನು ಹುಡುಕುವ ರೀತಿಯೂ ಇದೇ. ನಾವು ಮರುದಿನ ಹಾಗೆಯೇ ನಡೆದೆವು.

ಒಂದನೆಯದು, ಆಕಾಶ. ಜಿ.ಪಿ.ಎಸ್. ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿದ ಹೊರತು ರಿಸೀವರ್ ತಾನಿರುವ ಸ್ಥಳವನ್ನೂ ಎತ್ತರವನ್ನೂ ಸರಿಯಾಗಿ ಹೇಳಲಾರದು. ತಗಡಿನ ಮನೆಯೊಳಗೆ ಕೂತು ಅದನ್ನು ಬೈದರೆ ಫಲವಿಲ್ಲ. ಅಂಗಳಕ್ಕೆ ತಂದು ಬಯಲಲ್ಲಿ ಇಡಿರಿ. ಹೊಸ ಯಂತ್ರವಾದರೆ ಹತ್ತು ಹದಿನೈದು ನಿಮಿಷ ತಾಳಿರಿ. ಎಲ್ಲ ಉಪಗ್ರಹಗಳ ಪಂಚಾಂಗ ಆಕಾಶದಿಂದ ಪೂರ್ತಿ ಇಳಿದುಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ.

ಎರಡನೆಯದು, ತಂತಿ. ಮೊಬೈಲ್ ಚಾರ್ಜ್ ಮಾಡುವ ಕೆಲವು ತಂತಿಗಳಲ್ಲಿ ವಿದ್ಯುತ್ತು ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವದಿಲ್ಲ. ದೀಪ ಹತ್ತಿತೆಂದು ನಂಬಬೇಡಿರಿ. ಬೇರೆ ತಂತಿ ಹಾಕಿ ನೋಡಿರಿ. ನಮ್ಮ ಮೊದಲಿನ ಎರಡು ದಿನ ಹಾಳಾದದ್ದು ಇದರಿಂದಲೇ.

ಮೂರನೆಯದು, ಬಾಗಿಲು. ತಂತಿ ಚುಚ್ಚಿದ ಕೂಡಲೇ ಲಿನಕ್ಸ್ ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಡಿ-ಎಂ-ಇ-ಎಸ್-ಜಿ ಎಂಬ ಐದಕ್ಷರದ ಅಪ್ಪಣೆ ಕೊಟ್ಟರೆ ಅದನ್ನು ಓದಿ ತೋರಿಸುತ್ತದೆ. ಬಂದ ಅತಿಥಿಗೆ ಯಾವ ಬಾಗಿಲು ಕೊಟ್ಟಿದೆ ಎಂಬುದನ್ನು ಅಲ್ಲಿ ನೋಡಿರಿ. ಕೆಲವು ರಿಸೀವರುಗಳಿಗೆ ‘ಟಿಟಿವೈ-ಯುಎಸ್‌ಬಿ-0’ ಎಂಬ ಬಾಗಿಲು, ಕೆಲವಕ್ಕೆ ‘ಟಿಟಿವೈ-ಎಸಿಎಂ-0’. ನಮ್ಮ ಹುಡುಗ ಮೊದಲನೆಯದನ್ನು ಬರೆದಿದ್ದ. ಯಂತ್ರ ಎರಡನೆಯದರಲ್ಲಿ ನಿಂತಿತ್ತು. ದಿನಚರಿಯಲ್ಲಿ ಹೊಸ ಸಾಲೇ ಇಲ್ಲದಿದ್ದರೆ ತಿರುಗಿ ತಂತಿಯ ಕಡೆಗೆ ಹೋಗಿರಿ. ತಂತ್ರಾಂಶವನ್ನು ತಿದ್ದುತ್ತ ಕೂಡಬೇಡಿರಿ.

ನಾಲ್ಕನೆಯದು, ಪರವಾನಗಿ. ಉಬುಂಟು, ಡೆಬಿಯನ್ ಮೊದಲಾದವುಗಳಲ್ಲಿ ಈ ಬಾಗಿಲು ‘ಡಯಲ್‌ಔಟ್’ ಎಂಬ ಗುಂಪಿನವರಿಗೆ ಮಾತ್ರ ತೆರೆದಿರುತ್ತದೆ. ನಿಮ್ಮ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಿದ್ದು ಮತ್ತೆ ಒಳಗೆ ಬರಬೇಕು. ಅವಸರಕ್ಕೆ ಬಿದ್ದು ಇಡೀ ತಂತ್ರಾಂಶವನ್ನು ಯಜಮಾನನ ಅಧಿಕಾರದಿಂದ ನಡೆಸುವದು ತರವಲ್ಲ. ಒಂದು ಕೋಣೆಗೆ ಹೋಗುವದಕ್ಕಾಗಿ ಮನೆಯ ಬೀಗದ ಕೈಗಳನ್ನೆಲ್ಲ ಯಾರೂ ಕೊಡುವದಿಲ್ಲ.

ಐದನೆಯದು, ಒಂದು ಬಾಗಿಲಿಗೆ ಇಬ್ಬರು. ‘ಜಿಪಿಎಸ್‌ಡಿ’ ಎಂಬ ಸೇವಕ ತಂತ್ರಾಂಶ ಆ ಬಾಗಿಲನ್ನು ಮೊದಲೇ ಹಿಡಿದಿರಬಹುದು. ‘ಮೋಡೆಮ್ ಮ್ಯಾನೇಜರ್’ ಎಂಬುದು ನಡುವೆ ಇಣುಕುತ್ತಿರಬಹುದು. ಒಂದೇ ತೂಬಿಗೆ ಇಬ್ಬರು ಕೈ ಹಾಕಿದರೆ ಯಾರ ಹೊಲಕ್ಕೂ ನೀರು ನೆಟ್ಟಗೆ ಹೋಗುವದಿಲ್ಲ. ಸೇವಕ ಇದ್ದರೆ ಅವನನ್ನೇ ಕೇಳಿ ಪಡೆಯಿರಿ; ಇಲ್ಲವೇ ಅವನನ್ನು ನಿಲ್ಲಿಸಿ ನೀವೇ ಬಾಗಿಲು ತೆರೆಯಿರಿ.

ಆರನೆಯದು, ಮಾತಿನ ವೇಗ. ಹಳೆಯ ರಿಸೀವರುಗಳು 4800ರ ವೇಗದಲ್ಲಿ ಮಾತಾಡುತ್ತವೆ. ಈಗಿನ ಹಲವು 9600ರಲ್ಲಿ. ವೇಗ ತಪ್ಪಿದರೆ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತದೆ. ಅದು ಯಂತ್ರ ಕೆಟ್ಟ ಗುರುತಲ್ಲ.

ಏಳನೆಯದು, ವಾಕ್ಯ. ನಿಮ್ಮ ತಂತ್ರಾಂಶವನ್ನು ಬದಿಗಿಟ್ಟು, ಬಾಗಿಲಿನಿಂದ ಬರುವದನ್ನು ಇದ್ದಕ್ಕಿದ್ದ ಹಾಗೆ ಓದಿರಿ. ಒಂದೊಂದು ವಾಕ್ಯವೂ ಡಾಲರ್ ಚಿಹ್ನೆಯಿಂದ ತೊಡಗಿ, ನಕ್ಷತ್ರದ ಗುರುತು ಮತ್ತು ಎರಡಕ್ಷರದ ತಾಳೆಯಿಂದ ಮುಗಿಯುತ್ತದೆ. ಕೆಲವರ ತಂತ್ರಾಂಶ ‘ಜಿಪಿ’ ಎಂದು ತೊಡಗುವ ವಾಕ್ಯವನ್ನೇ ಕಾಯುತ್ತಿರುತ್ತದೆ. ಹಲವು ದೇಶಗಳ ಉಪಗ್ರಹಗಳನ್ನು ಕೂಡಿಸಿ ಕೇಳುವ ಹೊಸ ರಿಸೀವರ್ ‘ಜಿಎನ್’ ಎಂದು ತೊಡಗುತ್ತದೆ, ಇದನ್ನು ಮರೆಯಬಾರದು. ಆರ್‌ಎಂಸಿ ಎಂಬ ವಾಕ್ಯದಲ್ಲಿ ‘ಎ’ ಅಕ್ಷರವಿದ್ದರೆ ಸ್ಥಳ ಸಿಕ್ಕಿದೆ. ‘ವಿ’ ಇದ್ದರೆ ಸಿಕ್ಕಿಲ್ಲ. ಏನೂ ಬಾರದಿದ್ದರೆ ದೋಷ ತಂತಿ, ಬಾಗಿಲು ಇಲ್ಲವೇ ಪರವಾನಗಿಯಲ್ಲಿ. ವಾಕ್ಯ ಬಂದು ‘ವಿ’ ಇದ್ದರೆ ದೋಷ ಆಕಾಶದ ಕಡೆಗೆ. ಇದೊಂದನ್ನು ತಿಳಿದರೆ ಅರ್ಧ ಕೆಲಸ ಆದಂತೆ.

ಎಂಟನೆಯದೇ ನಮ್ಮ ಮನೆಯ ನೆಮ್ಮದಿ ಕೆಡಿಸಿದ್ದು. ಯಂತ್ರ ಸ್ಥಳವನ್ನು ಅಂಶ ಮತ್ತು ಕಲೆ, ಅಂದರೆ ಡಿಗ್ರಿ ಮತ್ತು ಮಿನಿಟು ಕೂಡಿಸಿ ಬರೆಯುತ್ತದೆ. ಧಾರವಾಡದ ಅಕ್ಷಾಂಶ 15 ಡಿಗ್ರಿ 27.5 ಮಿನಿಟು, ಯಂತ್ರ ಬರೆಯುವದು 1527.5 ಎಂದು. ಹುಡುಗ ಅದನ್ನು ನೂರರಿಂದ ಭಾಗಿಸಿ 15.275 ಮಾಡಿದ್ದ. ಒಂದು ಡಿಗ್ರಿಗೆ ಮಿನಿಟು ಅರವತ್ತು, ನೂರಲ್ಲ. 27.5ನ್ನು 60ರಿಂದ ಭಾಗಿಸಿದರೆ ನಿಜವಾದ ಉತ್ತರ 15.4583. ಈ ಒಂದು ತಪ್ಪಿನಿಂದ ಧಾರವಾಡ 20 ಕಿಲೋಮೀಟರ್ ತೆಂಕಣಕ್ಕೆ, ಕಲಘಟಗಿಯ ಹಾದಿಗೆ ಸರಿದುಹೋಗುತ್ತದೆ. ಅಷ್ಟೇ ಅಲ್ಲ, ಹೊಲದ ಒಂದೊಂದು ಬದಿಯೂ ನೂರಕ್ಕೆ ಅರವತ್ತಾಗುತ್ತದೆ. ಉದ್ದ ಅರವತ್ತು, ಅಗಲ ಅರವತ್ತು. ಕ್ಷೇತ್ರ ನೂರಕ್ಕೆ 36. ನಲವತ್ತು ಗುಂಟೆ ಹದಿನಾಲ್ಕೂ ಚಿಲ್ಲರೆ ಆದದ್ದು ಹೀಗೆ.

ಇನ್ನೊಂದು ಮಾತು. 75ನೆಯ ರೇಖಾಂಶ ನಮ್ಮ ಧಾರವಾಡ ಊರ ಮೇಲೆಯೇ ಹಾದುಹೋಗಿದೆ. ಆ ಗೆರೆಯ ಎರಡೂ ಕಡೆಗೆ ಚಾಚಿದ ಹೊಲವನ್ನು ಇದೇ ತಪ್ಪು ಲೆಕ್ಕದಿಂದ ಅಳೆದರೆ, ನೂರು ಮೀಟರಿನ ಹೊಲ ನಲವತ್ಮೂರು ಕಿಲೋಮೀಟರ್ ಅಗಲವಾಗಿ ಕಾಣುವದು! ಅಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಹದಿನಾಲ್ಕು ಗುಂಟೆ ಎಂಬ ತಪ್ಪು ನಿಜದಂತೆ ತೋರುತ್ತದೆ. ಅದೇ ಹೆಚ್ಚು ಅಪಾಯದ್ದು.

ಇದು ಹೊರಗೆ ಬಂದದ್ದು ಯಂತ್ರದಿಂದಲ್ಲ, ಹಗ್ಗದಿಂದ. ಹಿಂದಿನ ಮುಂಬಯಿ ಪ್ರಾಂತದ ಮೋಜಣಿಯಲ್ಲಿ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. 33 ಅಡಿ ಚೌಕವೇ ಒಂದು ಗುಂಟೆ. ನಾನು ಅಷ್ಟುದ್ದದ ಹಗ್ಗ ಹಿಡಿದು ತಮ್ಮನನ್ನು ಕರೆದೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅಳೆದಾಗ ನಲವತ್ತು ಗುಂಟೆಯ ಆಸುಪಾಸಿಗೇ ಬಂದಿತು. ಆಮೇಲೆಯೇ ಹುಡುಗ ತನ್ನ ಲೆಕ್ಕವನ್ನು ತೆರೆದು ನೋಡಿದ್ದು.

ಲೆಕ್ಕ ತಿದ್ದಿದ ಮೇಲೂ ಒಂದು ಎಚ್ಚರ ಬೇಕು. ಇಂಥ ಸಣ್ಣ ರಿಸೀವರಿನ ಮಾತಿನಲ್ಲಿ ಕೆಲವು ಮೀಟರುಗಳ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಬೀಜ, ಔಷಧ, ಬಾಡಿಗೆಯ ಅಂದಾಜಿಗೆ ಅದು ಸಾಕು. ಬಾಂದಗಲ್ಲು ನಿಲ್ಲಿಸುವದಕ್ಕೆ ಅಥವಾ ಕೀಳುವದಕ್ಕೆ ಸಾಲದು. ಅದಕ್ಕೆ ಹದ್ದುಬಸ್ತಿನ ಅರ್ಜಿ ಕೊಟ್ಟು, ಸರಕಾರಿ ಮೋಜಣಿದಾರರಿಂದ ಅಳೆಸುವದೇ ಸರಿಯಾದ ದಾರಿ.

ತರುಣರೇ, ನೀವು ಬರೆಯುವ ತಂತ್ರಾಂಶವನ್ನು ಊರವರಿಗೆ ತೋರಿಸುವ ಮೊದಲು, ಅಳತೆ ಗೊತ್ತಿದ್ದ ಒಂದು ಹೊಲದಲ್ಲಿ ಪರೀಕ್ಷೆ ಮಾಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಬದಲಿಸಿದ್ದನ್ನು ವಹಿಯಲ್ಲಿ ಬರೆದಿಡಿರಿ. ಹಿರಿಯರೇ, ಯಂತ್ರ ಒಂದು ಅಂಕಿ ಹೇಳಿತೆಂದು ತಮ್ಮನ ಮೇಲೆ ಸಂಶಯ ತಾಳುವ ಮೊದಲು ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಡಿರಿ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ರಿಸೀವರನ್ನು ತಂದಿದ್ದೇನೆ, ನೋಡಬೇಕೆನ್ನುವವರು ಅಂಗಳಕ್ಕೆ ಬರಬೇಕು, ಒಳಗೆ ಅದು ಮಾತಾಡುವದಿಲ್ಲ.