ಜಮೀನಿನ ಬೆಲೆ ಹೆಚ್ಚಿಸುವ ಸುಧಾರಣೆಗಳು

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಾಠ)



ಮಾರಬೇಕೆಂಬ ಉದ್ದೇಶದಿಂದ ಯಾವ ರೈತನೂ ಬೇಸಾಯ ಮಾಡುವುದಿಲ್ಲ. ಆದರೂ ಮಗಳ ಮದುವೆ, ಮನೆಯವರ ಕಾಯಿಲೆ, ಹಳೆಯ ಸಾಲ, ಇವುಗಳಲ್ಲಿ ಯಾವುದಾದರೊಂದು ಕಾರಣಕ್ಕೆ ಒಂದೆರಡು ಎಕರೆ ಮಾರುವ ಪ್ರಸಂಗ ಬರಬಹುದು. ವರ್ಷಗಟ್ಟಲೆ ಜಮೀನಿಗೆ ಹಾಕಿದ ಹಣದಲ್ಲಿ ಆ ದಿನ ಎಷ್ಟು ಕೈಗೆ ಮರಳುತ್ತದೆ ಎಂಬುದನ್ನು ಸುಧಾರಣೆಗೆ ಕೈಹಾಕುವ ಮೊದಲೇ ಯೋಚಿಸಬೇಕು.

ಬಯಲುಸೀಮೆಯ ಒಂದು ಊರಿನಲ್ಲಿ ಅಕ್ಕಪಕ್ಕದ ಹೊಲದ ಇಬ್ಬರು ರೈತರು, ಇಬ್ಬರಿಗೂ 4 ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನು ಎಂದು ಇಟ್ಟುಕೊಳ್ಳಿ. ಮೊದಲನೆಯವನು ಸಾಲ ತಂದು ಹೊಲದ ನಡುವೆ ತಾರಸಿ ಮನೆ ಕಟ್ಟಿಸಿ, ಕಬ್ಬಿಣದ ಗೇಟು ನಿಲ್ಲಿಸಿದ. ಎರಡನೆಯವನು ಬದು ಹಾಕಿಸಿದ, ಕೆರೆ ಗೋಡು ಹೊಡೆಸಿದ, ತೀರಿಕೊಂಡ ತಂದೆಯ ಹೆಸರಿನಲ್ಲಿದ್ದ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಇಬ್ಬರಿಗೂ ಒಂದೊಂದು ಎಕರೆ ಮಾರುವ ಕಾಲ ಬಂತು. ಕೊಳ್ಳಲು ಬಂದವನು ಮೊದಲನೆಯವನ ಗೇಟಿಗೆ ಬೆಲೆ ಕಟ್ಟಲಿಲ್ಲ. ಮಳೆಗೆ ಕೊಚ್ಚಿದ ಕೊರಕಲು ನೋಡಿದ, ಪಹಣಿ ಕೇಳಿದ, ಅದರಲ್ಲಿ ಸತ್ತವರ ಹೆಸರು ಕಂಡು ಹಿಂದೆ ಸರಿದ. ಮನೆಯ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಎರಡನೆಯವನ ಹೊಲ ನೋಡಿದವನು ನೇರವಾಗಿ ಬೆಲೆಯ ಮಾತಿಗೆ ಬಂದ.

ಆದ್ದರಿಂದ ಯಾವ ಸುಧಾರಣೆಗಾದರೂ ಮೂರು ಪ್ರಶ್ನೆ ಹಾಕಬೇಕು. ಅದರಿಂದ ವರ್ಷದ ನಿವ್ವಳ ಆದಾಯ ಹೆಚ್ಚುವುದೇ? ಕೊಳ್ಳುವ ಬೇರೆ ರೈತನಿಗೂ ಅದು ಉಪಯೋಗವೇ? ಅದರ ಬಾಳಿಕೆ ಎಷ್ಟು ವರ್ಷ? ಉದಾಹರಣೆಗೆ, 20,000 ರೂಪಾಯಿ ಖರ್ಚಿನ ಕೆಲಸದಿಂದ ವರ್ಷಕ್ಕೆ 5,000 ರೂಪಾಯಿ ಆದಾಯ ಹೆಚ್ಚಿದರೆ ನಾಲ್ಕು ವರ್ಷದಲ್ಲಿ ಅಸಲು ಕೈಸೇರುತ್ತದೆ. ಮುಂದೆ ಮಾರಿದರೂ ಲಾಭ, ಮಾರದಿದ್ದರೂ ಲಾಭ.

ಮಣ್ಣು: ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು ಬಿದ್ದಂತೆ. ಬದು ಇಲ್ಲದ ಇಳಿಜಾರು ಹೊಲದಲ್ಲಿ ಇದರ ಬಹುಪಾಲು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರಬಹುದು. ಮಳೆ ಕಡಿಮೆ ಇರುವ ಕೆಂಪು ಭೂಮಿಗೆ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಬದು ಯೋಗ್ಯ. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಅಲ್ಲಿ ಬದುವಿಗೆ ಅಲ್ಪ ಇಳುಕಲು ಕೊಟ್ಟು, ಹೆಚ್ಚಿನ ನೀರು ಹೊರಹೋಗಲು ಕೋಡಿ ಬಿಡಬೇಕು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಕೆರೆ ಗೋಡು ಹಾಕಿದರೆ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಗೋಡಿನಲ್ಲಿ ಉಪ್ಪಿನ ಅಂಶವಿದೆಯೇ ಎಂದು ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನೀರು: ನೀರಿರುವ ಜಮೀನಿಗೆ ಬೆಲೆ ಹೆಚ್ಚು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಕೊಳವೆಬಾವಿ ತೋಡಿಸುವ ಖರ್ಚು ಖಚಿತ, ನೀರು ಖಚಿತವಲ್ಲ. ಬತ್ತಿದ ಬಾವಿಗಳು ಎಷ್ಟಿದ್ದರೂ ಬೆಲೆ ಏರುವುದಿಲ್ಲ. ಅಂತರ್ಜಲ ಕುರಿತ 2011ರ ರಾಜ್ಯ ಕಾಯಿದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಮೊದಲೇ ಅನುಮತಿ ಪಡೆಯಬೇಕು. ಹರಿದುಹೋಗುವ ನೀರು ಕೂಡುವ ಜಾಗದಲ್ಲಿ ಕೃಷಿ ಹೊಂಡ, ಇರುವ ಬಾವಿಯ ಹೂಳೆತ್ತುವುದು, ನೆಲದೊಳಗೆ ಕೊಳವೆ ಸಾಲು, ಇವು ಕಡಿಮೆ ಅಪಾಯದ ಕೆಲಸಗಳು.

ಮರ: ನೀರಿನ ಭರವಸೆ ಇದ್ದಲ್ಲಿ ತೆಂಗು ಉತ್ತಮ. 9 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 50 ಸಸಿ ಹಿಡಿಯುತ್ತವೆ. ಎತ್ತರದ ತಳಿ ಫಸಲಿಗೆ ಬರಲು 6-7 ವರ್ಷ ಬೇಕು. ಆದ್ದರಿಂದ ಈಗಲೇ ನೆಟ್ಟವನಿಗೆ ಮಾತ್ರ ಬೆಲೆ. ನೀಲಗಿರಿ ಕಡಿದ ಹೊಲದಲ್ಲಿ ಬೊಡ್ಡೆ ಕೀಳಿಸುವ ಖರ್ಚನ್ನು ಕೊಳ್ಳುವವನು ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ.

ದಾಖಲೆ ಮತ್ತು ದಾರಿ: ಎಲ್ಲಕ್ಕಿಂತ ಅಗ್ಗದ ಸುಧಾರಣೆ ಇದೇ, ರೈತರು ಹೆಚ್ಚಾಗಿ ಮರೆಯುವುದೂ ಇದನ್ನೇ. ಪಹಣಿ, ಖಾತೆ, ಹದ್ದುಬಸ್ತು, ಪೋಡಿ ಸರಿಯಾಗಿರಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11-ಇ ನಕ್ಷೆ ಬೇಕಾಗುತ್ತದೆ. ತೀರಿದ ಸಾಲದ ಹೆಸರು ಪಹಣಿಯಲ್ಲಿ ಉಳಿದಿದ್ದರೆ ತೆಗೆಸಬೇಕು. ಬಂಡಿ, ಟ್ರ್ಯಾಕ್ಟರು ಬರುವ ದಾರಿ ಇಲ್ಲದ ಹೊಲಕ್ಕೆ ಗಿರಾಕಿ ಕಡಿಮೆ. ನೆರೆಯವರೊಂದಿಗೆ ಒಪ್ಪಿಗೆ ಮಾಡಿಕೊಂಡು, ದಾರಿಯ ಹಕ್ಕನ್ನು ಬರಹಕ್ಕೆ ಇಳಿಸಿ ನೋಂದಾಯಿಸಬೇಕು. ಬಾಯಿಮಾತಿನ ದಾರಿ ಮಕ್ಕಳ ಕಾಲಕ್ಕೆ ಜಗಳವಾಗುತ್ತದೆ.

ಮನೆ: ಸೋರದ ಸೂರು, ಶೌಚಾಲಯ, ನೀರಿನ ತೊಟ್ಟಿ, ಗಂಜಲ ಹರಿದುಹೋಗುವಂತೆ ಕಲ್ಲು ಹಾಸಿದ ಕೊಟ್ಟಿಗೆ, ಇಲಿ ನುಗ್ಗದ ಉಗ್ರಾಣ, ಇವು ಯಾರಿಗಾದರೂ ಬೇಕಾದವು. ಬಣ್ಣದ ಹೆಂಚು, ಕೆತ್ತನೆ ಬಾಗಿಲು, ಎತ್ತರದ ಕಾಂಪೌಂಡು ಕಟ್ಟಿಸಿದವನ ಸಂತೋಷಕ್ಕೆ. ಸಂತೋಷ ತಪ್ಪಲ್ಲ, ಆದರೆ ಸಾಲ ತಂದು ಕೊಳ್ಳತಕ್ಕದ್ದಲ್ಲ. ಹೊಲದಲ್ಲೇ ಮನೆ ಕಟ್ಟುವವರು ಭೂಕಂದಾಯ ಕಾಯಿದೆಯಂತೆ ಅದು ಹಿಡುವಳಿಯ 10 ಭಾಗ ಶೇಕಡಾ ಮೀರಬಾರದೆಂಬುದನ್ನೂ ಗಮನದಲ್ಲಿಡಬೇಕು.

ಒಟ್ಟಿನಲ್ಲಿ ಖರ್ಚಿನ ಕ್ರಮ ಹೀಗಿರಲಿ: ಮೊದಲು ದಾಖಲೆ, ಆಮೇಲೆ ಬದು ಮತ್ತು ಮಣ್ಣು, ನಂತರ ನೀರು ಮತ್ತು ಮರ, ಕೊನೆಗೆ ಅಲಂಕಾರ. ಈ ಕ್ರಮದಲ್ಲಿ ನಡೆದ ರೈತನಿಗೆ ಮತ್ತೊಂದು ಅನುಕೂಲವುಂಟು. ಹುಟ್ಟುವಳಿ ಹೆಚ್ಚಿದ ಜಮೀನು ವರ್ಷ ವರ್ಷವೂ ಕಷ್ಟಕ್ಕೆ ನಾಲ್ಕು ಕಾಸು ಉಳಿಸಿಕೊಡುವುದರಿಂದ, ಮಾರುವ ಪ್ರಸಂಗವೇ ತಪ್ಪಿಹೋಗಬಹುದು. ಒಳ್ಳೆಯ ಸುಧಾರಣೆಯ ನಿಜವಾದ ಗುರುತು ಅದೇ.